ಉಪ್ಪುಪ್ರಿಯ ಬ್ಯಾಕ್ಟೀರಿಯಾ ಕಿಣ್ವ ಕೊಡುತ್ತಿಲ್ಲವೇ? ಲಕ್ಷಣ ನೋಡಿ ದೋಷ ಹುಡುಕುವ ಕೈಪಿಡಿ

ಉಪ್ಪಿನ ಆಗರದ ಮಣ್ಣಿನಿಂದಲೋ, ಉಪ್ಪು ಸರೋವರದ ನೀರಿನಿಂದಲೋ ಬ್ಯಾಕ್ಟೀರಿಯಾ ಬೇರ್ಪಡಿಸಿದ್ದೀರಿ. ಅದರಿಂದ ಅಮೈಲೇಸ್, ಪ್ರೋಟಿಯೇಸ್, ಲೈಪೇಸ್, ಹೀಗೆ ಯಾವುದೋ ಒಂದು ಕಿಣ್ವ ತೆಗೆಯಬೇಕು. ಆದರೆ ಎಲ್ಲೋ ಕೆಲಸ ನಿಂತುಹೋಗಿದೆ. ಈ ಬರಹ ಅಂಥವರಿಗೆ.

ಸಾಮಾನ್ಯ ಬ್ಯಾಕ್ಟೀರಿಯಾಕ್ಕೆ ಬರೆದ ವಿಧಾನವನ್ನೇ ಎತ್ತಿಕೊಂಡು, ಮೀಡಿಯಾಕ್ಕೆ (ಬ್ಯಾಕ್ಟೀರಿಯಾ ಬೆಳೆಸುವ ಪೋಷಕ ಮಿಶ್ರಣಕ್ಕೆ) ಮಾತ್ರ ಉಪ್ಪು ಸೇರಿಸಿ ಮುಂದುವರಿಯುವುದು ಈ ಕೆಲಸದಲ್ಲಿ ತುಂಬಾ ಸಾಮಾನ್ಯ. ಬೆಳೆಸುವಾಗ ಉಪ್ಪು ಇರುತ್ತದೆ. ತೊಳೆಯುವಾಗ, ಡೈಲ್ಯೂಟ್ ಮಾಡುವಾಗ, ಅಳೆಯುವಾಗ, ಶುದ್ಧ ಮಾಡುವಾಗ ಇರುವುದಿಲ್ಲ. ಹಾಗಾಗಿ ಯಾವ ಲಕ್ಷಣ ಕಂಡರೂ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ: ಹಿಂದಿನ ಹಂತಕ್ಕೂ ಈ ಹಂತಕ್ಕೂ ನಡುವೆ ಉಪ್ಪು ಎಲ್ಲಿ ಬದಲಾಯಿತು? ತಳಿ ಸರಿಯಿಲ್ಲ ಅಂತ ತೀರ್ಮಾನಿಸುವುದು ಆಮೇಲಿನ ಮಾತು.

ಯಾವ ಲಕ್ಷಣವಾದರೂ ಮೊದಲು ಇದನ್ನು ನೋಡಿ: ಉಪ್ಪು ನಿಜಕ್ಕೂ ಎಷ್ಟಿದೆ?

ಇದಕ್ಕೆ ಖರ್ಚಿಲ್ಲ. ಬಾಟಲಿ ಮೇಲೆ ಶೇ. 20, ಅಂದರೆ ಲೀಟರಿಗೆ 200 ಗ್ರಾಂ, ಅಂತ ಬರೆದಿದ್ದೀರಿ. ಅದನ್ನು ಹೇಗೆ ಮಾಡಿದಿರಿ? ಒಂದು ಲೀಟರ್ ನೀರಿಗೆ 200 ಗ್ರಾಂ ಉಪ್ಪು ಸುರಿದಿದ್ದರೆ ಒಟ್ಟು ಪ್ರಮಾಣ ಸುಮಾರು 1,070 ಮಿಲಿಗೆ ಏರುತ್ತದೆ. ಆಗ ಲೀಟರಿಗೆ ಇರುವುದು 187 ಗ್ರಾಂ ಆಸುಪಾಸು. 250 ಗ್ರಾಂ ಸುರಿದಿದ್ದರೆ ಸಿಗುವುದು ಸುಮಾರು 230. ಉಪ್ಪನ್ನು ಕಡಿಮೆ ನೀರಿನಲ್ಲಿ ಕರಗಿಸಿ, ಕೊನೆಗೆ ಗುರುತಿನವರೆಗೆ ನೀರು ತುಂಬಿಸುವುದು ಸರಿಯಾದ ಕ್ರಮ. ಗುಂಪಿನಲ್ಲಿ ಒಬ್ಬರು ಹಾಗೆ, ಇನ್ನೊಬ್ಬರು ಹೀಗೆ ಮಾಡುತ್ತಿದ್ದರಂತೂ ಫಲಿತಾಂಶ ಯಾಕೆ ಹೊಂದುತ್ತಿಲ್ಲ ಅಂತ ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ಳಬೇಕಾಗುತ್ತದೆ.

ಅನುಮಾನ ಇದ್ದರೆ ವಾಲ್ಯೂಮೆಟ್ರಿಕ್ ಫ್ಲಾಸ್ಕಿನಲ್ಲಿ 100 ಮಿಲಿ ಅಳೆದು ತೂಗಿ. ಲೀಟರಿಗೆ 200 ಗ್ರಾಂ ಇರುವ ಉಪ್ಪುನೀರು ಸುಮಾರು 113 ಗ್ರಾಂ ತೂಗುತ್ತದೆ. 250 ಗ್ರಾಂ ಇದ್ದರೆ ಸುಮಾರು 116. ಪೆಪ್ಟೋನ್, ಯೀಸ್ಟ್ ಸಾರ ಸೇರಿದ ಮೀಡಿಯಾದಲ್ಲಿ ಇನ್ನೊಂಚೂರು ಜಾಸ್ತಿ ಬರುತ್ತದೆ. ಪಿಎಚ್ ಅನ್ನು ಉಪ್ಪು ಪೂರ್ತಿ ಕರಗಿದ ಮೇಲೆ ಸರಿಪಡಿಸಿ, ಮೊದಲಲ್ಲ.

ಇನ್ನೊಂದು ವಿಷಯ. ಉಪ್ಪು ಅಂದರೆ ಸೋಡಿಯಂ ಕ್ಲೋರೈಡ್ ಮಾತ್ರ ಅಲ್ಲ. ಸಮುದ್ರದ ನೀರು ಆವಿಯಾಗಿ ಆದ ಆಗರದ ಜೀವಿಗೆ ಮೆಗ್ನೀಸಿಯಂ, ಪೊಟ್ಯಾಸಿಯಂ, ಸಲ್ಫೇಟ್ ಎಲ್ಲವೂ ಅಭ್ಯಾಸ. ಮೃತ ಸಮುದ್ರದಂಥ ಕಡೆ ಮೆಗ್ನೀಸಿಯಂ ಬಹಳ ಜಾಸ್ತಿ. ಸೋಡಾ ಸರೋವರದಲ್ಲಿ ಅದಕ್ಕೆ ತದ್ವಿರುದ್ಧ: ಮೆಗ್ನೀಸಿಯಂ ತೀರಾ ಕಡಿಮೆ, ಕಾರ್ಬೊನೇಟ್ ಜಾಸ್ತಿ, ಪಿಎಚ್ 10ರ ಹತ್ತಿರ. ನಿಮ್ಮ ಮಾದರಿ ಯಾವ ಥರದ ಜಾಗದ್ದು ಅನ್ನುವುದಕ್ಕೆ ಮೀಡಿಯಾ ಹೊಂದಬೇಕು.

ಲಕ್ಷಣ: ಪ್ಲೇಟ್ ಮೇಲೆ ಏನೂ ಬೆಳೆದಿಲ್ಲ

ಮೊದಲ ಮದ್ದು ಕಾಯುವುದು. ಶೇ. 5ರಿಂದ 15 ಉಪ್ಪಿನಲ್ಲಿ ಬೆಳೆಯುವ ಹ್ಯಾಲೊಮೊನಾಸ್‌, ಹ್ಯಾಲೊಬ್ಯಾಸಿಲಸ್‌ನಂಥವು ಎರಡು ಮೂರು ದಿನದಲ್ಲಿ ಕಾಣಬಹುದು. ಶೇ. 20-25ರಲ್ಲಿ ಬೆಳೆಯುವ ಕೆಂಪು ಬಣ್ಣದವು ಒಂದು ವಾರ, ಎರಡು ವಾರ, ಕೆಲವೊಮ್ಮೆ ಅದಕ್ಕೂ ಜಾಸ್ತಿ ತೆಗೆದುಕೊಳ್ಳುತ್ತವೆ. ಮರುದಿನವೇ ಪ್ಲೇಟ್ ಬಿಸಾಕುವ ಅಭ್ಯಾಸ ಇಲ್ಲಿ ನಡೆಯುವುದಿಲ್ಲ. ಅಷ್ಟು ದಿನ ಇಡಬೇಕೆಂದರೆ ಪ್ಲೇಟ್ ಒಣಗಬಾರದು. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ತಲೆಕೆಳಗಾಗಿ, 37ರಿಂದ 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಿ.

ಕಾದರೂ ಬಾರದಿದ್ದರೆ ಮಾದರಿಯನ್ನು ಯಾವುದರಲ್ಲಿ ಡೈಲ್ಯೂಟ್ ಮಾಡಿದಿರಿ ನೋಡಿ. ಡಿಸ್ಟಿಲ್ಡ್ ವಾಟರ್‌ನಲ್ಲೋ, ಶೇ. 0.85ರ ಸಾಮಾನ್ಯ ಸಲೈನ್‌ನಲ್ಲೋ ಮಾಡಿದ್ದರೆ ಕಾರಣ ಅಲ್ಲೇ ಸಿಕ್ಕಿತು. ಉಪ್ಪು ತಿಂದವನು ನೀರು ಕುಡಿಯಲೇಬೇಕು ಅನ್ನುವ ಗಾದೆ ಈ ಜೀವಿಗಳಿಗೆ ತಿರುಗುಮುರುಗು. ನೀರು ಕುಡಿದರೆ ಒಡೆದು ಸಾಯುತ್ತವೆ. ಹ್ಯಾಲೊಬ್ಯಾಕ್ಟೀರಿಯಂ ಥರದವು ಸುಮಾರು 1.5 ಮೋಲಾರ್‌ಗಿಂತ, ಅಂದರೆ ಲೀಟರಿಗೆ ಸುಮಾರು 88 ಗ್ರಾಂಗಿಂತ, ಕಡಿಮೆ ಉಪ್ಪಿಗೆ ಬಂದರೆ ಆಕಾರವೇ ಉಳಿಯುವುದಿಲ್ಲ. ಡೈಲ್ಯೂಷನ್ ಮಾಡುವ ನೀರಿನಲ್ಲೂ ಪ್ಲೇಟ್‌ನಲ್ಲಿರುವಷ್ಟೇ ಉಪ್ಪು ಇರಲಿ.

ಮೂರನೆಯದು ಪೆಪ್ಟೋನ್. ಕೆಲವು ಪೆಪ್ಟೋನ್‌ಗಳಲ್ಲಿ ಪಿತ್ತದ ಲವಣಗಳು ಚೂರು ಉಳಿದಿರುತ್ತವೆ. ಮಾಮೂಲಿ ಬ್ಯಾಕ್ಟೀರಿಯಾಕ್ಕೆ ಅದರಿಂದ ತೊಂದರೆಯಿಲ್ಲ, ಕೆಂಪು ಉಪ್ಪುಪ್ರಿಯಗಳನ್ನು ಮಾತ್ರ ಒಡೆದುಹಾಕುತ್ತದೆ. "ಹಳೇ ಡಬ್ಬಿ ಇದ್ದಾಗ ಬರುತ್ತಿತ್ತು, ಹೊಸ ಡಬ್ಬಿ ತೆರೆದ ಮೇಲೆ ಬರುತ್ತಿಲ್ಲ" ಅನ್ನುವ ದೂರು ಬಂದರೆ ನನ್ನ ಅನುಮಾನ ನೇರ ಇಲ್ಲಿಗೇ ಹೋಗುತ್ತದೆ. ಪೆಪ್ಟೋನ್ ಬದಲು ಯೀಸ್ಟ್ ಸಾರ ಮತ್ತು ಕ್ಯಾಸಮಿನೋ ಆಮ್ಲ ಹಾಕಿ ಒಂದು ಪ್ಲೇಟ್ ಮಾಡಿದರೆ ಉತ್ತರ ಸಿಗುತ್ತದೆ.

ಅಗಾರ್ ಗಟ್ಟಿಯಾಗದೆ ಲೂಪ್ ಹೂತುಹೋಗುತ್ತಿದ್ದರೆ ಅಗಾರ್ ಶೇ. 2ಕ್ಕೆ ಏರಿಸಿ. ಜಾಸ್ತಿ ಉಪ್ಪಿನಲ್ಲಿ ಅಗಾರ್ ಕರಗುವುದಕ್ಕೆ ಹಟ ಮಾಡುತ್ತದೆ. ಉಪ್ಪುನೀರು ಬೇರೆ, ಅಗಾರ್ ಬೇರೆ ಕುದಿಸಿ, ಎರಡೂ ಬಿಸಿ ಇರುವಾಗ ಸೇರಿಸಿದರೆ ಸುಲಭ.

ಲಕ್ಷಣ: ಪ್ಲೇಟ್ ಮೇಲೆ ಏನೋ ಇದೆ, ಕಾಲೊನಿ ಹೌದೋ ಅಲ್ಲವೋ ಗೊತ್ತಾಗುತ್ತಿಲ್ಲ

ಒಣಗಿದ ಪ್ಲೇಟ್‌ನಲ್ಲಿ ಉಪ್ಪಿನ ಹರಳುಗಳು ಚೌಕ ಚೌಕವಾಗಿ ಮೂಡುತ್ತವೆ. ಲೂಪಿನಿಂದ ಮುಟ್ಟಿ ನೋಡಿ: ಹರಳು ಕರಕರ ಅನ್ನುತ್ತದೆ, ಕಾಲೊನಿ ಬೆಣ್ಣೆಯ ಹಾಗೆ ಹರಡುತ್ತದೆ. ಬಿಳಿ ಪುಡಿಯಂಥ ಮಬ್ಬು ಪೂರ್ತಿ ಅಗಾರ್‌ನೊಳಗೇ ಇದ್ದರೆ ಅದು ಆಟೋಕ್ಲೇವ್‌ನಲ್ಲಿ ಮೆಗ್ನೀಸಿಯಂ ಅಥವಾ ಕ್ಯಾಲ್ಸಿಯಂ ಫಾಸ್ಫೇಟ್ ಜೊತೆ ಸೇರಿ ಆದ ಕೆಸರು. ಮೆಗ್ನೀಸಿಯಂ, ಕ್ಯಾಲ್ಸಿಯಂ ಒಂದು ಬಾಟಲಿ. ಫಾಸ್ಫೇಟ್ ಇನ್ನೊಂದು ಬಾಟಲಿ. ತಣಿದ ಮೇಲೆ ಸೇರಿಸಿ. ಸೋಡಾ ಸರೋವರದ ಮೀಡಿಯಾದಲ್ಲಿ ಕಾರ್ಬೊನೇಟ್ ಕೂಡ ಹೀಗೇ ಬೇರೆ.

ಗ್ರಾಂ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ಏನೂ ಕಾಣದೆ ಬರೀ ಗುಲಾಬಿ ಮಸಿ ಕಂಡರೆ ಸ್ಲೈಡ್ ತೊಳೆದ ನೀರಿಗೇ ಕೋಶಗಳು ಒಡೆದಿವೆ. ಅದೇ ಉಪ್ಪುನೀರಿನ ಹನಿಯಲ್ಲಿ ಹಸಿ ಸ್ಲೈಡ್ ಮೊದಲು ನೋಡಿ. ಬಣ್ಣ ಹಾಕಲೇಬೇಕಾದರೆ, ಒಣಗಿದ ಸ್ಲೈಡನ್ನು ಶೇ. 2ರ ಅಸಿಟಿಕ್ ಆಮ್ಲದಲ್ಲಿ ಕೆಲವು ನಿಮಿಷ ಇಟ್ಟರೆ ಕೋಶ ಸ್ಥಿರವಾಗುತ್ತದೆ, ಉಪ್ಪೂ ಹೋಗುತ್ತದೆ.

ಲಕ್ಷಣ: ಕಾಲೊನಿ ಚೆನ್ನಾಗಿದೆ, ಸುತ್ತ ವಲಯ ಇಲ್ಲ, ಅಥವಾ ಎಲ್ಲದಕ್ಕೂ ವಲಯ ಇದೆ

ವಲಯ ಅಂದರೆ ಕಾಲೊನಿ ಬಿಟ್ಟ ಕಿಣ್ವ ಸುತ್ತಲಿನ ಪಿಷ್ಟವನ್ನೋ ಹಾಲನ್ನೋ ಒಡೆದಾಗ ಮೂಡುವ ಉಂಗುರ. ಎರಡನೆಯದನ್ನು ಜಾಸ್ತಿ ಅನುಮಾನಿಸಿ. ಎಲ್ಲಾ ಕಾಲೊನಿಗೂ ವಲಯ ಬಂದರೆ ಖುಷಿಪಡುವ ಮೊದಲು, ಏನೂ ಹಚ್ಚದ ಖಾಲಿ ಪ್ಲೇಟಿಗೆ ಅದೇ ಬಣ್ಣ ಹುಯ್ದು ನೋಡಬೇಕು.

ಪಿಷ್ಟದ ಪ್ಲೇಟಿಗೆ ಅಯೋಡಿನ್ ಹುಯ್ದ ತಕ್ಷಣ ನೋಡಿ, ಫೋಟೊ ತೆಗೆದುಕೊಳ್ಳಿ. ಬಣ್ಣ ತಾನಾಗೇ ಮಸುಕಾಗುತ್ತದೆ. ಆಮೇಲೆ ಕಾಣುವ ಬಿಳಿ ಜಾಗವೆಲ್ಲ ವಲಯವಲ್ಲ. ಅಯೋಡಿನ್ ಬಿದ್ದ ಕಾಲೊನಿ ಬದುಕುವುದಿಲ್ಲ, ಹಾಗಾಗಿ ಮುಂಚೆಯೇ ಇನ್ನೊಂದು ಪ್ಲೇಟಿಗೆ ನಕಲು ಎತ್ತಿಡಿ.

ಹಾಲಿನಪುಡಿ ಪ್ಲೇಟ್‌ನಲ್ಲಿ ಉಪ್ಪು ಜಾಸ್ತಿಯಾದಾಗ ಹಾಲಿನ ಪ್ರೋಟೀನ್ ಗರಣೆಗಟ್ಟುತ್ತದೆ. ಹಿನ್ನೆಲೆ ಒಂದೇ ಸಮ ಬಿಳಿಯಾಗಿಲ್ಲದಿದ್ದರೆ ಅಲ್ಲಿ ವಲಯ ಓದುವುದರಲ್ಲಿ ಅರ್ಥವಿಲ್ಲ. ಹಾಲನ್ನು ಬೇರೆ ಆಟೋಕ್ಲೇವ್ ಮಾಡಿ, ಮೀಡಿಯಾ ಸುಮಾರು 50 ಡಿಗ್ರಿಗೆ ಇಳಿದ ಮೇಲೆ ಸೇರಿಸಿ. ಆದರೂ ಗರಣೆ ಬಂದರೆ ಜೆಲಾಟಿನ್‌ಗೆ ಹೋಗಿ. ಜೆಲಾಟಿನ್ ಪ್ಲೇಟಿಗೆ ಹಳೆಯ ಪುಸ್ತಕಗಳು ಮರ್ಕ್ಯುರಿಕ್ ಕ್ಲೋರೈಡ್ ಹುಯ್ಯಲು ಹೇಳುತ್ತವೆ. ದಯವಿಟ್ಟು ಬೇಡ. ಅದು ಕಡು ವಿಷ, ಆ ಪ್ಲೇಟುಗಳನ್ನು ಆಮೇಲೆ ಎಲ್ಲೂ ಬಿಸಾಕುವ ಹಾಗೂ ಇಲ್ಲ. ಇನ್ನು ಕರಗದಷ್ಟು ತುಂಬಿದ ಅಮೋನಿಯಂ ಸಲ್ಫೇಟ್ ದ್ರಾವಣ ಹುಯ್ದರೂ ಕೆಲಸ ಆಗುತ್ತದೆ.

ಸೆಲ್ಯುಲೇಸ್‌ಗೆ ಕಾಂಗೋ ರೆಡ್ ಬಳಸುವವರು ಬಣ್ಣ ಗಮನಿಸಿ. ವಲಯ ನೀಲಿ ಛಾಯೆಗೆ ತಿರುಗಿದ್ದರೆ ಅಲ್ಲಿ ಬ್ಯಾಕ್ಟೀರಿಯಾ ಆಮ್ಲ ಬಿಟ್ಟಿದೆ ಅಂತ ಅರ್ಥ, ಸೆಲ್ಯುಲೇಸ್ ಅಂತಲ್ಲ. ಜಾಸ್ತಿ ಉಪ್ಪಿನ ಅಗಾರ್ ಮೇಲೆ ಕಾಂಗೋ ರೆಡ್ ತಾನೇ ಗುಂಪುಗಟ್ಟಿ ಕೂರುವುದೂ ಉಂಟು. ಅಯೋಡಿನ್ ದ್ರಾವಣದಿಂದ ಇನ್ನೊಮ್ಮೆ ಖಚಿತ ಮಾಡಿಕೊಳ್ಳಿ. ಲೈಪೇಸ್ ಹುಡುಕುವ ಟ್ವೀನ್ 80 ಪ್ಲೇಟ್‌ನಲ್ಲಿ ಕಾಲೊನಿ ಸುತ್ತ ಬರಬೇಕಾದದ್ದು ತಿಳಿ ವಲಯವಲ್ಲ, ಬಿಳಿ ಮಬ್ಬು. ಕ್ಯಾಲ್ಸಿಯಂ ಕ್ಲೋರೈಡ್ ಹಾಕಲು ಮರೆತಿದ್ದರೆ ಅದು ಬರುವುದೇ ಇಲ್ಲ.

ವಲಯ ನಿಜಕ್ಕೂ ಇಲ್ಲದಿದ್ದರೆ ಮೀಡಿಯಾದಲ್ಲಿ ಗ್ಲೂಕೋಸ್ ಇದೆಯಾ ನೋಡಿ. ಕೈಗೆ ಸುಲಭದ ಸಕ್ಕರೆ ಸಿಗುವಾಗ ಪಿಷ್ಟ ಒಡೆಯುವ ಕಿಣ್ವ ತಯಾರಿಸುವ ಕಷ್ಟ ಬ್ಯಾಕ್ಟೀರಿಯಾಕ್ಕೆ ಯಾಕೆ ಬೇಕು, ಅಲ್ವಾ?

ಲಕ್ಷಣ: ಬ್ರಾತ್‌ನಲ್ಲಿ (ದ್ರವ ಮೀಡಿಯಾದಲ್ಲಿ) ಬೆಳವಣಿಗೆ ಸಪ್ಪೆ

ಫ್ಲಾಸ್ಕ್ ಎಷ್ಟು ತುಂಬಿದೆ? ನೀರಿನಲ್ಲಿ ಉಪ್ಪು ಏರಿದಷ್ಟೂ ಆಮ್ಲಜನಕ ಕಡಿಮೆ ಕರಗುತ್ತದೆ. 25 ಡಿಗ್ರಿಯಲ್ಲಿ ಸಿಹಿನೀರು ಲೀಟರಿಗೆ ಸುಮಾರು 8.2 ಮಿಲಿಗ್ರಾಂ ಆಮ್ಲಜನಕ ಹಿಡಿದರೆ ಸಮುದ್ರದ ನೀರು ಸುಮಾರು 6.7 ಹಿಡಿಯುತ್ತದೆ. ನಿಮ್ಮ ಶೇ. 20ರ ಬ್ರಾತ್ ಇನ್ನೂ ಕೆಳಗೆ. 250 ಮಿಲಿ ಫ್ಲಾಸ್ಕಿಗೆ 50 ಮಿಲಿ ಸಾಕು. ಶೇಕರ್ ವೇಗ ಏರಿಸುವುದಕ್ಕಿಂತ ಮೊದಲು ಪ್ರಮಾಣ ಇಳಿಸಿ, ಅದು ಪುಕ್ಕಟೆ.

ಫ್ಲಾಸ್ಕನ್ನು ಶುರುವಿನಲ್ಲಿ ಒಮ್ಮೆ, ಕೊನೆಯಲ್ಲಿ ಒಮ್ಮೆ ತೂಗಿ. 40 ಡಿಗ್ರಿಯಲ್ಲಿ ಒಂದು ವಾರ ಆಡಿದ ಫ್ಲಾಸ್ಕಿನಿಂದ ಎಷ್ಟು ನೀರು ಹಾರಿರುತ್ತದೆ ಅಂತ ಆಗ ಗೊತ್ತಾಗುತ್ತದೆ. ಅಷ್ಟೂ ಉಪ್ಪು ಉಳಿದ ನೀರಿನಲ್ಲಿ ಗಟ್ಟಿಯಾಗಿ ಕೂತಿದೆ. ಕಡಿಮೆಯಾದಷ್ಟು ಸ್ಟೆರೈಲ್ ಡಿಸ್ಟಿಲ್ಡ್ ವಾಟರನ್ನು ನಿಧಾನವಾಗಿ, ಅಲ್ಲಾಡಿಸುತ್ತಾ ಸೇರಿಸಬಹುದು. ಹಾರಿರುವುದು ಬರೀ ನೀರಾದ್ದರಿಂದ ಇಲ್ಲಿ ಮಾತ್ರ ಉಪ್ಪುನೀರು ಸೇರಿಸಬಾರದು.

ಲಕ್ಷಣ: ಕಲ್ಚರ್ ಲೋಳೆ ಲೋಳೆಯಾಗಿದೆ, ಓಡಿ (OD, ಬೆಳವಣಿಗೆ ತೋರಿಸುವ ಮಬ್ಬಿನ ಅಳತೆ) ಏಕಾಏಕಿ ಬಿದ್ದಿದೆ

ಪಿಪೆಟ್ ಎತ್ತಿದರೆ ಮೂಗಿನ ಸಿಂಬಳದ ಹಾಗೆ ಎಳೆ ಎಳೆಯಾಗಿ ಬರುತ್ತಿದೆಯಾ? ಅದು ಹೆಚ್ಚಾಗಿ ಡಿಎನ್‌ಎ. ಕೋಶಗಳು ಒಡೆದಿವೆ. ಬಹುಪಾಲು ಸಂದರ್ಭದಲ್ಲಿ ಓಡಿ ಅಳೆಯಲು ಡಿಸ್ಟಿಲ್ಡ್ ವಾಟರ್‌ನಲ್ಲಿ ಡೈಲ್ಯೂಟ್ ಮಾಡಿದ್ದೇ ಕಾರಣ. ಕ್ಯುವೆಟ್‌ನಲ್ಲಿ ಮಾತ್ರ ಲೋಳೆ, ಫ್ಲಾಸ್ಕಿನಲ್ಲಿ ಸರಿ ಇದ್ದರೆ ಇದೇ. ಬ್ಲ್ಯಾಂಕ್ ಮತ್ತು ಡೈಲ್ಯೂಷನ್ ಎರಡಕ್ಕೂ ಖಾಲಿ ಮೀಡಿಯಾವನ್ನೇ ಬಳಸಿ.

ಫ್ಲಾಸ್ಕಿನಲ್ಲೇ ಲೋಳೆ ಇದ್ದರೆ ಎರಡು ದಾರಿ. ಓಡಿ ಚೆನ್ನಾಗೇ ಇದ್ದು ಲೋಳೆ ಬಂದಿದ್ದರೆ ಅದು ತಳಿ ಹೊರಗೆ ಬಿಡುವ ಪಾಲಿಸ್ಯಾಕರೈಡ್ ಇರಬಹುದು. ಹ್ಯಾಲೊಮೊನಾಸ್ ಜಾತಿಯ ಕೆಲವು ಇದನ್ನು ಧಾರಾಳವಾಗಿ ಮಾಡುತ್ತವೆ. ಅದು ದೋಷವಲ್ಲ, ಸೆಂಟ್ರಿಫ್ಯೂಜ್ ಮಾಡುವಾಗಿನ ತಲೆನೋವು ಅಷ್ಟೇ. ಓಡಿ ಬಿದ್ದು ಲೋಳೆ ಬಂದಿದ್ದರೆ ಕಲ್ಚರ್ ಸಾಯುತ್ತಿದೆ. ಉಪ್ಪು, ಪಿಎಚ್, ಪೆಪ್ಟೋನ್ ಮೂರನ್ನೂ ಮತ್ತೆ ನೋಡಿ.

ಲಕ್ಷಣ: ಪ್ಲೇಟ್‌ನಲ್ಲಿ ದೊಡ್ಡ ವಲಯ, ಬ್ರಾತ್‌ನ ತಿಳಿಯಲ್ಲಿ (ಕೋಶ ತೆಗೆದು ಉಳಿದ ದ್ರವದಲ್ಲಿ) ಚಟುವಟಿಕೆ ಸೊನ್ನೆ

ಎಲ್ಲಕ್ಕಿಂತ ಜಾಸ್ತಿ ಜನ ಸಿಕ್ಕಿಕೊಳ್ಳುವುದು ಇಲ್ಲಿ. ಮೀಡಿಯಾ ಬದಲಿಸಿ, ತಾಪಮಾನ ಬದಲಿಸಿ, ಹೊಸ ತಳಿ ಹುಡುಕಿ ಸುಸ್ತಾಗುತ್ತಾರೆ. ಕಿಣ್ವ ಅಲ್ಲೇ ಇರುತ್ತದೆ. ಅಳೆಯುವ ಟ್ಯೂಬ್‌ನಲ್ಲಿ ಕೆಟ್ಟಿರುತ್ತದೆ.

ಲೆಕ್ಕ ಹಾಕಿ. ಶೇ. 20 ಉಪ್ಪಿನ ತಿಳಿ 0.1 ಮಿಲಿ ತೆಗೆದು, ಉಪ್ಪಿಲ್ಲದ ಬಫರ್ ಮತ್ತು ಪಿಷ್ಟದ 0.9 ಮಿಲಿಗೆ ಹಾಕಿದಿರಿ. ಟ್ಯೂಬ್‌ನಲ್ಲಿ ಈಗ ಉಪ್ಪು ಶೇ. 2. ಅತಿ ಉಪ್ಪುಪ್ರಿಯ ಜೀವಿಗಳ ಕಿಣ್ವದ ಮೇಲ್ಮೈ ತುಂಬ ಆಸ್ಪಾರ್ಟಿಕ್, ಗ್ಲುಟಾಮಿಕ್ ಆಮ್ಲಗಳು, ಅಂದರೆ ಋಣ ಆವೇಶ. ಸುತ್ತಲಿನ ಉಪ್ಪು ಈ ಆವೇಶಗಳನ್ನು ಶಾಂತವಾಗಿಡುತ್ತದೆ. ಉಪ್ಪು ಹೋದರೆ ಅವು ಒಂದನ್ನೊಂದು ತಳ್ಳಿ ಪ್ರೋಟೀನ್‌ನ ಮಡಿಕೆಯೇ ಬಿಚ್ಚಿಕೊಳ್ಳುತ್ತದೆ. ಕೆಲವು ಕಿಣ್ವಗಳು ಉಪ್ಪು ಮರಳಿ ಕೊಟ್ಟರೆ ಮತ್ತೆ ಮಡಚಿಕೊಳ್ಳುತ್ತವೆ, ಎಷ್ಟೋ ಹಾಗಾಗುವುದಿಲ್ಲ.

ಆದ್ದರಿಂದ ಐದು ಟ್ಯೂಬ್ ಸಾಲಾಗಿ ಇಡಿ: ಬಫರ್‌ನಲ್ಲಿ ಉಪ್ಪು 0, 1, 2, 3, 4 ಮೋಲಾರ್. ಕಿಣ್ವ ಒಂದೇ ಪ್ರಮಾಣ. ಇದು ಒಂದು ಮಧ್ಯಾಹ್ನದ ಕೆಲಸ, ಆದರೆ ಈ ಕೈಪಿಡಿಯಲ್ಲಿ ಇಷ್ಟು ಉತ್ತರ ಕೊಡುವ ಪರೀಕ್ಷೆ ಬೇರೆ ಇಲ್ಲ. 3-4 ಮೋಲಾರ್‌ನಲ್ಲಿ ಮಾತ್ರ ಚಟುವಟಿಕೆ ಬಂದರೆ ನಿಮ್ಮ ಕಿಣ್ವಕ್ಕೆ ಉಪ್ಪು ಬೇಕೇ ಬೇಕು, ಇನ್ನು ಮುಂದೆ ಎಲ್ಲಾ ಬಫರ್‌ಗೂ ಹಾಕಿ. ಸೊನ್ನೆಯಲ್ಲೇ ಜಾಸ್ತಿ ಬಂದರೆ ಗಾಬರಿ ಬೇಡ. ಜೀವಿ ಉಪ್ಪನ್ನು ಸಹಿಸುವಂಥದ್ದು, ಕಿಣ್ವ ಮಾಮೂಲಿ. ಬ್ಯಾಸಿಲಸ್ ಜಾತಿಯವುಗಳಲ್ಲಿ ಇದು ಸಾಮಾನ್ಯ. ಜೀವಿ ಚೆನ್ನಾಗಿ ಬೆಳೆಯುವ ಉಪ್ಪಿನ ಮಟ್ಟ ಮತ್ತು ಕಿಣ್ವ ಚೆನ್ನಾಗಿ ದುಡಿಯುವ ಮಟ್ಟ ಒಂದೇ ಆಗಿರಬೇಕೆಂದಿಲ್ಲ.

ಐದೂ ಟ್ಯೂಬ್ ಸೊನ್ನೆ ಆದರೆ ಮುಂದಿನವು:

ಯಾವಾಗ ತೆಗೆದಿರಿ? ಹೊರಗೆ ಬಿಡುವ ಕಿಣ್ವಗಳು ಬಹುಪಾಲು ಬೆಳವಣಿಗೆ ನಿಧಾನವಾಗುವ ಹೊತ್ತಿಗೆ ಏರುತ್ತವೆ. ಒಂದೇ ಸಲ ತೆಗೆದ ಮಾದರಿಯಿಂದ ಏನೂ ಹೇಳಲಾಗದು. 12 ಗಂಟೆಗೊಮ್ಮೆ ಮಾದರಿ ತೆಗೆದು ಓಡಿ, ಪಿಎಚ್, ಚಟುವಟಿಕೆ ಮೂರನ್ನೂ ಬರೆದಿಡಿ. ಪ್ರೋಟಿಯೇಸ್ ತಳಿಯಾದರೆ ಚಟುವಟಿಕೆ ಏರಿ ಮತ್ತೆ ಬೀಳುವುದನ್ನು ನೋಡುತ್ತೀರಿ, ಅದು ತನ್ನನ್ನೇ ತಾನು ತಿನ್ನುತ್ತಿದೆ.

ಕಿಣ್ವ ಹೊರಗೆ ಬಂದಿದೆಯೇ? ಕೋಶಕ್ಕೇ ಅಂಟಿಕೊಂಡಿರಬಹುದು. ಪೆಲೆಟನ್ನು (ಸೆಂಟ್ರಿಫ್ಯೂಜ್ ಮಾಡಿದಾಗ ತಳದಲ್ಲಿ ಕೂತ ಕೋಶಗಳನ್ನು) ಉಪ್ಪುಬಫರ್‌ನಲ್ಲಿ ಕಲಕಿ, ಸೋನಿಕೇಟ್ ಮಾಡಿ, ಅದನ್ನೂ ಅಳೆಯಿರಿ.

ಕ್ಯಾಲ್ಸಿಯಂ ಇದೆಯೇ? ಅನೇಕ ಅಮೈಲೇಸ್, ಪ್ರೋಟಿಯೇಸ್‌ಗಳಿಗೆ ಅದು ಬೇಕು. ಬಫರ್‌ನಲ್ಲಿ ಕ್ಯಾಲ್ಸಿಯಂ ಕಸಿಯುವ ಇಡಿಟಿಎ ಇದ್ದರೆ ತೆಗೆಯಿರಿ. ಫಾಸ್ಫೇಟ್ ಬಫರ್‌ಗೆ ಕ್ಯಾಲ್ಸಿಯಂ ಹಾಕಿದರೆ ಅದು ಕೆಸರಾಗಿ ತಳ ಸೇರುತ್ತದೆ. ಟ್ರಿಸ್ ಬಳಸಿ. ಆದರೆ ಟ್ರಿಸ್‌ನ ಪಿಎಚ್ ಪ್ರತಿ ಡಿಗ್ರಿಗೆ ಸುಮಾರು 0.03 ಇಳಿಯುತ್ತದೆ. 25 ಡಿಗ್ರಿಯಲ್ಲಿ 8.0 ಮಾಡಿಟ್ಟದ್ದು 50 ಡಿಗ್ರಿಯ ನೀರಿನ ತೊಟ್ಟಿಯಲ್ಲಿ ಸುಮಾರು 7.3. ಪಿಎಚ್ ಅನ್ನು ಬಳಸುವ ತಾಪಮಾನದಲ್ಲೇ ಸರಿಪಡಿಸಿ.

ಲಕ್ಷಣ: ರೀಡಿಂಗ್ ಬರುತ್ತದೆ, ಆದರೆ ನಂಬುವ ಹಾಗಿಲ್ಲ

ಒಂದು ದಿನ ಅಷ್ಟು, ಮರುದಿನ ಇಷ್ಟು. ಇಲ್ಲವೇ ಬ್ಲ್ಯಾಂಕೇ ಕಡುಗೆಂಪು. ಮೊದಲ ಪ್ರಶ್ನೆ: ಸ್ಟ್ಯಾಂಡರ್ಡ್ ಕರ್ವ್ ಯಾವುದರಲ್ಲಿ ಮಾಡಿದಿರಿ? ಗ್ಲೂಕೋಸ್ ಅಥವಾ ಟೈರೋಸಿನ್ ಸ್ಟ್ಯಾಂಡರ್ಡನ್ನು ಬರೀ ನೀರಿನಲ್ಲಿ ಮಾಡಿ, ಮಾದರಿಯನ್ನು ಉಪ್ಪಿನಲ್ಲಿ ಓದಿದರೆ ಹೋಲಿಕೆಗೆ ಅರ್ಥವಿಲ್ಲ. ಸ್ಟ್ಯಾಂಡರ್ಡ್‌ನ ಪ್ರತಿ ಟ್ಯೂಬ್‌ನಲ್ಲೂ ಮಾದರಿಯಲ್ಲಿರುವಷ್ಟೇ ಉಪ್ಪು ಇರಬೇಕು.

ಎರಡನೆಯದು ಕೆಸರು. ಸಕ್ಕರೆ ಅಳೆಯಲು ಬಳಸುವ ಡಿಎನ್‌ಎಸ್ ದ್ರಾವಣದಲ್ಲಿ ಸೋಡಿಯಂ ಹೈಡ್ರಾಕ್ಸೈಡ್ ಇದೆ. ಮೆಗ್ನೀಸಿಯಂ ಜಾಸ್ತಿ ಇರುವ ತಿಳಿಗೆ ಅದನ್ನು ಹಾಕಿದರೆ ಸಣ್ಣ ಬಿಳಿ ಕೆಸರು ಏಳಬಹುದು, 540 ನ್ಯಾನೋಮೀಟರ್‌ನಲ್ಲಿ ಅದೂ ಬಣ್ಣದ ಹಾಗೇ ಓದಿಕೊಳ್ಳುತ್ತದೆ. ಪ್ರೋಟಿಯೇಸ್‌ಗೆ, ಪ್ಯಾರಾನೈಟ್ರೋಫಿನಾಲ್‌ಗೆ ಸೋಡಿಯಂ ಕಾರ್ಬೊನೇಟ್ ಹಾಕುವಾಗಲೂ ಇದೇ ಕಥೆ. ಟ್ಯೂಬನ್ನು ಬೆಳಕಿಗೆ ಹಿಡಿದು ನೋಡಿ. ಮಬ್ಬಿದ್ದರೆ ಸೆಂಟ್ರಿಫ್ಯೂಜ್ ಮಾಡಿ ಓದಿ.

ಮೂರನೆಯದು ಕಂಟ್ರೋಲ್. "ಕುದಿಸಿದ ಕಿಣ್ವ"ವನ್ನು ಕಂಟ್ರೋಲ್ ಆಗಿ ಇಡುವುದು ರೂಢಿ. ಆದರೆ ಉಪ್ಪು ತುಂಬಿದ ದ್ರಾವಣದಲ್ಲಿ ಕೆಲವು ಕಿಣ್ವಗಳು ಐದು ನಿಮಿಷ ಕುದಿಸಿದರೂ ಪೂರ್ತಿ ಸಾಯುವುದಿಲ್ಲ. ಆಗ ಕಂಟ್ರೋಲ್ ಕೂಡ ಬಣ್ಣ ಕೊಡುತ್ತದೆ, ನೀವು ಅದನ್ನು ಕಳೆದು ನಿಮ್ಮದೇ ಚಟುವಟಿಕೆಯನ್ನು ಕಡಿಮೆ ತೋರಿಸುತ್ತೀರಿ. ಡಿಎನ್‌ಎಸ್ ಮೊದಲು, ಕಿಣ್ವ ಆಮೇಲೆ ಹಾಕಿದ ಟ್ಯೂಬೇ ನಂಬಿಗಸ್ತ ಕಂಟ್ರೋಲ್.

ಪ್ರೋಟೀನ್ ಅಳತೆಯಲ್ಲೂ ಒಂದು ಒಳಸುಳಿ ಇದೆ. ಬ್ರಾಡ್‌ಫೋರ್ಡ್ ಬಣ್ಣ ಮುಖ್ಯವಾಗಿ ಆರ್ಜಿನಿನ್‌ನಂಥ ಧನ ಆವೇಶದ ಜಾಗಗಳಿಗೆ ಅಂಟುತ್ತದೆ. ಆಮ್ಲೀಯವಾದ ಈ ಪ್ರೋಟೀನ್‌ಗಳಿಗೆ ಕಡಿಮೆ ಅಂಟುತ್ತದೆ. ಪ್ರೋಟೀನ್ ಕಡಿಮೆ ಕಂಡರೆ ಮಿಲಿಗ್ರಾಂಗೆ ಯೂನಿಟ್ ಜಾಸ್ತಿ ಕಾಣುತ್ತದೆ. ನಿರ್ದಿಷ್ಟ ಚಟುವಟಿಕೆ ವಿಪರೀತ ಚೆನ್ನಾಗಿ ಬಂದಾಗ ಇನ್ನೊಂದು ವಿಧಾನದಲ್ಲೂ ಅಳೆದು ಆಮೇಲೆ ಬರೆಯಿರಿ.

ಲಕ್ಷಣ: ಶುದ್ಧ ಮಾಡುವಾಗ ಚಟುವಟಿಕೆ ಮಾಯ, ಜೆಲ್ ಗಲೀಜು

ಡಯಾಲಿಸಿಸ್ ಆದಮೇಲೆ ಹೋಯಿತೇ? ಸಾದಾ ಬಫರ್‌ಗೆ ಇಟ್ಟಿರುತ್ತೀರಿ. ಉಪ್ಪು ಬೇಡುವ ಕಿಣ್ವವಾದರೆ ಹೊರಗಿನ ಬಫರ್‌ನಲ್ಲೂ 2 ಮೋಲಾರ್ ಅಥವಾ ಜಾಸ್ತಿ ಉಪ್ಪು ಇರಲಿ. ಉಪ್ಪಿನ ವ್ಯತ್ಯಾಸ ದೊಡ್ಡದಿದ್ದರೆ ಚೀಲ ನೀರು ಹೀರಿ ಉಬ್ಬುತ್ತದೆ, ಅರ್ಧ ಖಾಲಿ ಬಿಟ್ಟು ಕಟ್ಟಿ. ತಣ್ಣಗಿನ ಎಥೆನಾಲ್ ಹಾಕಿದಾಗ ಭರ್ಜರಿ ಬಿಳಿ ಪೆಲೆಟ್ ಬಂದರೆ ಅದರಲ್ಲಿ ಬಹುಪಾಲು ಉಪ್ಪೇ. ಅಲ್ಟ್ರಾಫಿಲ್ಟ್ರೇಷನ್‌ನಲ್ಲಿ ಉಪ್ಪು ದಾಟಿಹೋಗುತ್ತದೆ, ಕಿಣ್ವ ಮೇಲೆ ಉಳಿಯುತ್ತದೆ. ಗಟ್ಟಿಗೊಳಿಸಲು ನಾನು ಒಪ್ಪುವುದು ಅದನ್ನೇ.

ಅಯಾನ್ ಎಕ್ಸ್‌ಚೇಂಜ್ ಕಾಲಂನಲ್ಲಿ ಎಲ್ಲವೂ ಹಾಗೇ ಹರಿದುಹೋದರೆ ಕಾಲಂ ಕೆಟ್ಟಿಲ್ಲ. ಅಷ್ಟು ಉಪ್ಪಿನಲ್ಲಿ ಪ್ರೋಟೀನ್ ಅಂಟುವುದೇ ಇಲ್ಲ. ಹೈಡ್ರೋಫೋಬಿಕ್ ಕಾಲಂಗೆ ಉಪ್ಪು ಜಾಸ್ತಿ ಇದ್ದಷ್ಟೂ ಒಳ್ಳೆಯದು, ಅಲ್ಲಿಗೆ ಹೋಗಿ.

ಜೆಲ್‌ಗೆ ಮಾದರಿ ತಯಾರಿಸುವಾಗ, ಮಾರ್ಜಕವಿರುವ ಎಸ್‌ಡಿಎಸ್ ಬಫರ್ ಹಾಕಿದ ಕೂಡಲೇ ಟ್ಯೂಬ್‌ನಲ್ಲಿ ಹಿಮದ ಹಾಗೆ ಬಿಳಿ ಕೆಸರು ಇಳಿಯಿತೇ? ಪೊಟ್ಯಾಸಿಯಂ ಇದೆ ಅಂತ ಅರ್ಥ. ಕೆಂಪು ಉಪ್ಪುಪ್ರಿಯಗಳು ಕೋಶದೊಳಗೆ ಪೊಟ್ಯಾಸಿಯಂ ಕ್ಲೋರೈಡ್ ತುಂಬಿಕೊಂಡಿರುತ್ತವೆ, ಅದು ಎಸ್‌ಡಿಎಸ್ ಜೊತೆ ಸೇರಿ ಕರಗದ ಲವಣವಾಗುತ್ತದೆ. ಟಿಸಿಎಯಿಂದ (ಟ್ರೈಕ್ಲೋರೊಅಸಿಟಿಕ್ ಆಮ್ಲದಿಂದ) ಪ್ರೋಟೀನ್ ಇಳಿಸಿ, ತಣ್ಣಗಿನ ಅಸಿಟೋನ್‌ನಲ್ಲಿ ತೊಳೆದು, ಆಮೇಲೆ ಜೆಲ್‌ಗೆ ಹಾಕಿ. ಬ್ಯಾಂಡ್ ಲೆಕ್ಕಕ್ಕಿಂತ ಮೇಲೆ ಕೂತರೂ ಬೇಸರ ಬೇಡ. ಆಮ್ಲೀಯ ಪ್ರೋಟೀನ್‌ಗಳು ಜೆಲ್‌ನಲ್ಲಿ ನಿಧಾನ ಓಡಿ ನಿಜಕ್ಕಿಂತ ದೊಡ್ಡದಾಗಿ ಕಾಣುತ್ತವೆ.

ಲಕ್ಷಣ: ಮೊದಲು ಚೆನ್ನಾಗಿ ಕೊಡುತ್ತಿತ್ತು, ಈಗ ಕೊಡುತ್ತಿಲ್ಲ

ಹಳೆಯ ಗ್ಲಿಸರಾಲ್ ಸ್ಟಾಕ್ ತೆಗೆದು, ಈಗಿನ ಕಲ್ಚರ್ ಪಕ್ಕದಲ್ಲಿ ಅದೇ ಮೀಡಿಯಾದಲ್ಲಿ ಬೆಳೆಸಿ. ಸ್ಟಾಕ್ ಕೊಟ್ಟು ಈಗಿನದು ಕೊಡದಿದ್ದರೆ ಪದೇ ಪದೇ ಸಬ್‌ಕಲ್ಚರ್ ಮಾಡುವಾಗ ತಳಿ ಬದಲಾಗಿದೆ ಅಥವಾ ಬೇರೇನೋ ಸೇರಿದೆ. ಎರಡೂ ಕೊಡದಿದ್ದರೆ ಮೀಡಿಯಾದ ಯಾವುದೋ ಡಬ್ಬಿ ಬದಲಾಗಿದೆ. ಸ್ಟಾಕ್‌ನಲ್ಲೂ ಉಪ್ಪು ಇರಬೇಕು: ಉಪ್ಪಿನ ಬ್ರಾತ್‌ನಲ್ಲಿ ಶೇ. 15-20 ಗ್ಲಿಸರಾಲ್, ಮೈನಸ್ 80 ಡಿಗ್ರಿ.

"ಇಷ್ಟು ಉಪ್ಪಿನಲ್ಲಿ ಬೇರೇನೂ ಬೆಳೆಯಲ್ಲ ಬಿಡಿ" ಅನ್ನುವ ನಂಬಿಕೆ ಶೇ. 25ರಲ್ಲಿ ಸುಮಾರಾಗಿ ಸರಿ. ಶೇ. 5-10ರಲ್ಲಿ ತಪ್ಪು. ನಮ್ಮ ಚರ್ಮದ ಮೇಲಿನ ಸ್ಟೆಫೈಲೋಕಾಕಸ್ ಅಲ್ಲಿ ಆರಾಮಾಗಿ ಬೆಳೆಯುತ್ತದೆ. ಅದನ್ನು ಆರಿಸಲೆಂದೇ ಮಾಡಿದ ಮೀಡಿಯಾದಲ್ಲಿ ಉಪ್ಪು ಶೇ. 7.5 ಇರುತ್ತದೆ.

ತಳಿ ಗುರುತಿಸಲು ಪಿಸಿಆರ್ ಮಾಡಿ ಬ್ಯಾಂಡ್ ಬಾರದಿದ್ದರೆ ಎರಡು ಕಾರಣ ಯೋಚಿಸಿ. ಡಿಎನ್‌ಎ ಜೊತೆ ಉಪ್ಪು ಉಳಿದು ಪಾಲಿಮರೇಸ್ ತಡೆದಿರಬಹುದು. ಅಥವಾ ನಿಮ್ಮ ಕೆಂಪು ಜೀವಿ ಬ್ಯಾಕ್ಟೀರಿಯಾ ಅಲ್ಲ, ಆರ್ಕಿಯಾ ಅನ್ನುವ ಬೇರೆಯೇ ಗುಂಪಿನ ಸೂಕ್ಷ್ಮಜೀವಿ. ಆಗ ಬ್ಯಾಕ್ಟೀರಿಯಾದ 16ಎಸ್ ಪ್ರೈಮರ್ ಕೆಲಸ ಮಾಡುವುದಿಲ್ಲ, ಆರ್ಕಿಯಾದ್ದು ಬೇಕು. ಸ್ಯಾಲಿನಿಬ್ಯಾಕ್ಟರ್ ರೂಬರ್ ಅನ್ನುವ ಕೆಂಪು ಬ್ಯಾಕ್ಟೀರಿಯಾವೂ ಇದೆ, ಹಾಗಾಗಿ ಬಣ್ಣ ಒಂದನ್ನೇ ನೋಡಿ ಹೇಳಬೇಡಿ.

ಎಲ್ಲಿ ಕೈ ನಿಲ್ಲಿಸಬೇಕು

ಉಪ್ಪಿಲ್ಲದ ಪ್ಲೇಟ್‌ನಲ್ಲೂ ಶೇ. 10ರಲ್ಲೂ 37 ಡಿಗ್ರಿಯಲ್ಲಿ ಬೇಗ ಬೆಳೆದು, ಹಳದಿ ಕಾಲೊನಿ, ದ್ರಾಕ್ಷಿಗೊಂಚಲಿನಂಥ ಗುಂಡು ಕೋಶ ಕಂಡರೆ ಅಲ್ಲಿಗೇ ನಿಲ್ಲಿಸಿ. ಸ್ಟೆಫೈಲೋಕಾಕಸ್ ಆರಿಯಸ್ ಇರಬಹುದು. ಸಮುದ್ರದ ಮಾದರಿಯಲ್ಲಿ ಶೇ. 3ರಿಂದ 8ರಲ್ಲಿ ಬೆಳೆಯುವ ಬಾಗಿದ ಕಡ್ಡಿಯಂಥವು ವಿಬ್ರಿಯೋ ಇರಬಹುದು. ಎರಡೂ ರೋಗಕಾರಕ ಆಗಿರಬಹುದು. ದೊಡ್ಡ ಪ್ರಮಾಣದಲ್ಲಿ ಬೆಳೆಸುವ ಮೊದಲು ಸೂಕ್ಷ್ಮಜೀವಿ ಗುರುತಿಸುವ ಪ್ರಯೋಗಾಲಯದಲ್ಲಿ ಖಚಿತ ಮಾಡಿಕೊಳ್ಳಿ. ಮನೆಯಲ್ಲಿ ಈ ಕೆಲಸ ಬೇಡ.

ಸೆಂಟ್ರಿಫ್ಯೂಜ್ ರೋಟರ್ ಮೇಲೆ ಗುಳಿ, ಬಿಳಿ ಪುಡಿ, ಗೆರೆ ಕಂಡರೆ ಅದನ್ನು ಓಡಿಸಬೇಡಿ, ತಂತ್ರಜ್ಞರನ್ನು ಕರೆಯಿರಿ. ಅಲ್ಯೂಮಿನಿಯಂ ರೋಟರನ್ನು ಉಪ್ಪು ತಿನ್ನುತ್ತದೆ, ಬಿರುಕು ಬಿಟ್ಟ ರೋಟರ್ ವೇಗದಲ್ಲಿ ಸಿಡಿಯುತ್ತದೆ. ಕಟ್ಟಾ (ಇನ್ನು ಉಪ್ಪು ಕರಗದಷ್ಟು ತುಂಬಿದ) ಉಪ್ಪುನೀರಿನ ಸಾಂದ್ರತೆ 1.2ರ ಹತ್ತಿರ, ಹಾಗಾಗಿ ಗರಿಷ್ಠ ವೇಗಕ್ಕೆ ಹೋಗುವ ಮುನ್ನ ರೋಟರ್‌ನ ಮಿತಿ ಓದಿ. ಬಳಸಿದ ದಿನವೇ ಸಿಹಿನೀರಿನಲ್ಲಿ ತೊಳೆದು ಒರೆಸಿಡಿ. ಶೇಕರ್ ಮೇಲೆ ಚೆಲ್ಲಿದ ಬ್ರಾತ್ ವಿದ್ಯುತ್ ಭಾಗಕ್ಕೆ ಇಳಿದಿದ್ದರೆ ಸ್ವಿಚ್ ಅಲ್ಲ, ಪ್ಲಗ್ಗನ್ನೇ ತೆಗೆಯಿರಿ.

ಕಟ್ಟಾ ಉಪ್ಪುನೀರು ಕುದಿಯುವುದು ಸುಮಾರು 108 ಡಿಗ್ರಿಯಲ್ಲಿ. ಆಟೋಕ್ಲೇವ್‌ನಿಂದ ತೆಗೆದ ತಕ್ಷಣ ಅಲ್ಲಾಡಿಸಿದರೆ ಉಕ್ಕಿ ಕೈ ಮುಖ ಸುಡುತ್ತದೆ. ಒತ್ತಡ ಪೂರ್ತಿ ಇಳಿದ ಮೇಲೂ ಸ್ವಲ್ಪ ಹೊತ್ತು ಬಿಡಿ. ಟಿಸಿಎ ಚರ್ಮ ಸುಡುತ್ತದೆ, ಡಿಎನ್‌ಎಸ್ ದ್ರಾವಣದಲ್ಲಿ ಕೆಲವೊಮ್ಮೆ ಫಿನಾಲ್ ಇರುತ್ತದೆ, ಕಾಂಗೋ ರೆಡ್ ಬೆಂಜಿಡಿನ್ ಜಾತಿಯ ಬಣ್ಣ. ಮೂರಕ್ಕೂ ಗ್ಲೌಸ್ ಕಡ್ಡಾಯ.

ಅಮೋನಿಯಂ ಸಲ್ಫೇಟ್ ಹಾಕಿದ ತ್ಯಾಜ್ಯಕ್ಕೆ ಬ್ಲೀಚ್ ಸುರಿಯಬೇಡಿ, ಕ್ಲೋರಮೀನ್ ಅನಿಲ ಏಳುತ್ತದೆ. ಟಿಸಿಎ ಇರುವ ತ್ಯಾಜ್ಯಕ್ಕೆ ಸುರಿದರೆ ಕ್ಲೋರಿನ್. ಈ ಎರಡನ್ನೂ ಬೇರೆ ಬೇರೆ ಕ್ಯಾನ್‌ನಲ್ಲಿ ಹೆಸರು ಬರೆದು ರಾಸಾಯನಿಕ ತ್ಯಾಜ್ಯವಾಗಿ ಕೊಡಿ. ಬರೀ ಕಲ್ಚರ್ ಆದರೆ ಆಟೋಕ್ಲೇವ್ ಮಾಡಿ ಚೆಲ್ಲಿ. ಕೆಂಪು ಉಪ್ಪುಪ್ರಿಯಗಳು ಸಿಹಿನೀರಿಗೇ ಒಡೆಯುತ್ತವೆ ನಿಜ, ಆದರೆ ಅದೇ ಫ್ಲಾಸ್ಕಿನಲ್ಲಿ ಸೇರಿಕೊಂಡಿರಬಹುದಾದ ಬೇರೆ ಬ್ಯಾಕ್ಟೀರಿಯಾಕ್ಕೆ ಸಿಹಿನೀರಿನಿಂದ ಏನೂ ಆಗುವುದಿಲ್ಲ.